ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೋಗಲು ಬರಲು ಹಿಡಿಯುವ ಹೊತ್ತು ಬೇರೆ ಬೇರೆ ಏಕೆ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಡಿಸೆಂಬರಿನಲ್ಲಿ ಹೊರಡಬೇಕು. ಅವರಿಗೆ 71 ವರ್ಷ. ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಇವೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿದರೆ 13,990 ಕಿ.ಮೀ. ಎಂದು ತೋರಿಸುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಂಡರೆ ಹದಿನೈದೂವರೆ ಗಂಟೆ ಆಗಬೇಕು. ಆದರೆ ನೇರ ವಿಮಾನವಾದರೆ ಹೋಗಲು ಹದಿನಾರು ಗಂಟೆ, ಬರಲು ಹದಿನೇಳೂವರೆ ಗಂಟೆ ಎಂದು ಮಗಳು ಹೇಳುತ್ತಾಳೆ. ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ಸಂಜೆ ನಾಲ್ಕೂವರೆಗೆ ತಲುಪುತ್ತೀರಿ ಎಂದೂ ಹೇಳುತ್ತಾಳೆ. ಭೂಪಟದಲ್ಲಿ ಅಮೆರಿಕ ಪೂರ್ವಕ್ಕೋ ಪಶ್ಚಿಮಕ್ಕೋ ಕಾಣುತ್ತದೆ, ವಿಮಾನ ಮಾತ್ರ ಉತ್ತರ ಧ್ರುವದ ಮೇಲೆ ಹೋಗುತ್ತದಂತೆ. ಅಲ್ಲಿ ವಿಕಿರಣ ಹೆಚ್ಚು, ಏನಾದರೂ ಆದರೆ ಇಳಿಯಲು ಜಾಗವೇ ಇಲ್ಲ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನಾವು ನೇರ ವಿಮಾನದಲ್ಲಿ ಹೋಗುವುದು ಒಳ್ಳೆಯದೋ, ನಡುವೆ ಎಲ್ಲಾದರೂ ಇಳಿದು ಹೋಗುವುದು ಒಳ್ಳೆಯದೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಲೆಕ್ಕ ಏಕೆ ಕೂಡುತ್ತಿಲ್ಲ ಎಂಬುದು ಒಂದು, ದಾರಿ ಅಪಾಯದ್ದೇ ಎಂಬುದು ಇನ್ನೊಂದು, ಯಜಮಾನರ ದೇಹ ಯಾವ ಬಗೆಯ ಪ್ರಯಾಣವನ್ನು ತಡೆದುಕೊಂಡೀತು ಎಂಬುದು ಮತ್ತೊಂದು. ವಿಮಾನ ಹೊರಡುವ ಮುನ್ನ ಅದರ ದಾರಿ, ಎತ್ತರ, ತುಂಬಬೇಕಾದ ಇಂಧನ ಇವನ್ನೆಲ್ಲ ಗೊತ್ತುಮಾಡಿ ಪೈಲಟ್ ಕೈಗೆ ಕೊಡುವ ಡಿಸ್ಪ್ಯಾಚ್ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಆದ್ದರಿಂದ ಮೊದಲೆರಡಕ್ಕೆ ನನ್ನ ಅನುಭವದಿಂದಲೇ ಉತ್ತರಿಸಬಲ್ಲೆ. ಮೂರನೆಯದರಲ್ಲಿ ನನ್ನ ಮಾತಿನ ಜೊತೆಗೆ ನಿಮ್ಮ ವೈದ್ಯರ ಮಾತೂ ಸೇರಬೇಕು.

ನೀವು ಕಂಡುಕೊಂಡ 13,990 ಕಿ.ಮೀ. ಸರಿಯಾದ ಅಂಕಿಯೇ. ಆದರೆ ಅದು ಯಾವುದರ ಅಳತೆ ಎಂಬುದನ್ನು ತಿಳಿಯಬೇಕು. ಭೂಮಿಯ ದುಂಡು ಮೈಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಅದು, ಗಣಿತದವರು ಮಹಾವೃತ್ತ ಎನ್ನುವ ಗೆರೆಯ ಉದ್ದ. ನೀವು ಪಾಠ ಮಾಡಿದ ಶಾಲೆಯಲ್ಲಿ ಗ್ಲೋಬ್ ಇದ್ದೇ ಇರುತ್ತದೆ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ತೆಲಂಗಾಣ, ಛತ್ತೀಸಗಡ, ಉತ್ತರ ಪ್ರದೇಶದ ಪೂರ್ವ ಭಾಗ, ನೇಪಾಳಗಳನ್ನು ದಾಟಿ ಟಿಬೆಟ್ ಮತ್ತು ಮಂಗೋಲಿಯಾದ ಮೇಲೆ ಏರುತ್ತಾ, ಸೈಬೀರಿಯಾದ ಕೊಲಿಮಾ ನದಿ ಸಮುದ್ರ ಸೇರುವ ಕಡೆಯ ಆಸುಪಾಸಿನಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕಾ ದಾಟಿ, ಕೆನಡಾದ ಪಶ್ಚಿಮ ಕರಾವಳಿಯ ಪಕ್ಕದಲ್ಲೇ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಚಪ್ಪಟೆ ಭೂಪಟದಲ್ಲಿ ಉತ್ತರದ ನಾಡುಗಳು ಹಿಗ್ಗಿ ಕಾಣುವುದರಿಂದ ಈ ದಾರಿ ಸುತ್ತುಬಳಸಿನದೆಂದು ತೋರುತ್ತದೆ. ಅದು ಕಾಗದದ ದೋಷ.

ಪಕ್ಕದ ಮನೆಯವರ ಮಾತಿನಲ್ಲಿ ಮೊದಲ ತಿದ್ದುಪಡಿ ಇಲ್ಲೇ ಆಗಬೇಕು. ಅತಿ ಕಡಿಮೆ ದೂರದ ದಾರಿ ಧ್ರುವದ ಮೇಲೆ ಹೋಗುವುದೇ ಇಲ್ಲ, ಧ್ರುವದಿಂದ ಸುಮಾರು 2,100 ಕಿ.ಮೀ. ದೂರದಲ್ಲೇ ಉಳಿದುಬಿಡುತ್ತದೆ. ಹಾಗಿದ್ದರೂ 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಅದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂದದ್ದು ನಿಜ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಪೈಲಟ್ ತಂಡ ಅದನ್ನು ನಡೆಸಿತ್ತು. ಬೆಂಗಳೂರಿನಿಂದ ನೇರ ಉತ್ತರಕ್ಕೆ ಧ್ರುವಕ್ಕೇರಿ ಆ ಕಡೆಯಿಂದ ಇಳಿದರೆ ದೂರ ಸುಮಾರು 14,370 ಕಿ.ಮೀ. ಆಗುತ್ತದೆ, ಅಂದರೆ ಕನಿಷ್ಠ ದೂರಕ್ಕಿಂತ 380 ಕಿ.ಮೀ. ಮಾತ್ರ ಹೆಚ್ಚು. ಇಷ್ಟು ದೊಡ್ಡ ಪ್ರಯಾಣದಲ್ಲಿ ಅದು ಅರ್ಧ ಗಂಟೆಗಿಂತ ಕಡಿಮೆ ಹೊತ್ತಿನ ಮಾತು. ಆ ಅರ್ಧ ಗಂಟೆಯನ್ನು ಗಾಳಿ ಎಷ್ಟೋ ಸಲ ತೀರಿಸಿಕೊಡುತ್ತದೆ.

ಎಲ್ಲದರ ಕೀಲಿ ಇರುವುದು ಗಾಳಿಯಲ್ಲಿ. ಗಂಟೆಗೆ 900 ಕಿ.ಮೀ. ಎಂಬುದು ವಿಮಾನ ತನ್ನ ಸುತ್ತಲಿನ ಗಾಳಿಯನ್ನು ಸೀಳಿಕೊಂಡು ಹೋಗುವ ವೇಗ. ಆ ಗಾಳಿ ನಿಂತಿರುವುದಿಲ್ಲ. ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಜಪಾನಿನ ಬಳಿ ಮತ್ತು ಉತ್ತರ ಪೆಸಿಫಿಕ್ ಮೇಲೆ ಇವು ಭೂಮಿಯಲ್ಲೇ ಅತಿ ರಭಸದವು, ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನುಗಳನ್ನು ಹಾರಿಸಿ ಇದನ್ನು ಮೊದಲು ಅಳೆದರು. ಎರಡನೆಯ ಮಹಾಯುದ್ಧದಲ್ಲಿ ಅದೇ ಎತ್ತರಕ್ಕೆ ಏರಿದ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಅದೇ ಗಾಳಿಗೆ ಸಿಕ್ಕಿ ಪರದಾಡಿದವು.

ಇದನ್ನು ನಿಮ್ಮ ಪ್ರಯಾಣಕ್ಕೆ ಅನ್ವಯಿಸಿ ನೋಡೋಣ. ಬೆಂಗಳೂರಿನಿಂದ ಟೋಕಿಯೊ ಬಳಿ ಹಾದು ಪೆಸಿಫಿಕ್ ಮೇಲಿಂದ ಹೋದರೆ ದೂರ ಸುಮಾರು 14,900 ಕಿ.ಮೀ., ಅಂದರೆ ಕನಿಷ್ಠ ದೂರಕ್ಕಿಂತ 900 ಕಿ.ಮೀ. ಹೆಚ್ಚು. ಗಾಳಿಯೇ ಇಲ್ಲದಿದ್ದರೆ ಒಂದು ಗಂಟೆ ನಷ್ಟ. ಆದರೆ ಬೆನ್ನಿನ ಗಾಳಿ ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 100 ಕಿ.ಮೀ. ನೂಕಿತೆಂದು ಲೆಕ್ಕ ಹಾಕಿದರೆ ಅದೇ 14,900 ಕಿ.ಮೀ. ಹದಿನೈದು ಗಂಟೆಯೊಳಗೆ ಮುಗಿಯುತ್ತದೆ, ಗಾಳಿಯಿಲ್ಲದ ಕನಿಷ್ಠ ದಾರಿ ಮಾತ್ರ ಹದಿನೈದೂವರೆ ಗಂಟೆ ಹಿಡಿಯುತ್ತದೆ. ಉದ್ದದ ದಾರಿಯಲ್ಲೇ ಬೇಗ ತಲುಪಿದಂತಾಯಿತು. ಬರುವಾಗ ಅದೇ ಹೊಳೆ ಎದುರಿನಿಂದ ಬಡಿಯುತ್ತದೆ. ಅದಕ್ಕೆ ಎದುರಾಗಿ ಈಜುವುದಕ್ಕಿಂತ ಗಾಳಿ ದುರ್ಬಲವಾಗಿರುವ ಉತ್ತರಕ್ಕೆ ಸರಿದು, ಬೇಕಾದರೆ ಧ್ರುವದ ತನಕವೂ ಏರಿ ಬರುವುದೇ ಲೇಸು. ಆ ಮೊದಲ ವಿಮಾನ ಧ್ರುವದ ದಾರಿ ಹಿಡಿದದ್ದೂ, ಬರುವ ಪ್ರಯಾಣಕ್ಕೆ ಒಂದೂವರೆ ಗಂಟೆ ಹೆಚ್ಚು ಎಂದು ಮಗಳು ಹೇಳಿದ್ದೂ ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಈ ಹೊಳೆ ಸೊರಗುತ್ತದೆ, ಹೋಗುವ ಬರುವ ಹೊತ್ತಿನ ನಡುವಿನ ಅಂತರವೂ ತಗ್ಗುತ್ತದೆ. ನೀವು ಹೊರಡುವುದು ಡಿಸೆಂಬರ್ ಆದ್ದರಿಂದ ಅಂತರ ದೊಡ್ಡದಾಗಿರುತ್ತದೆ.

ಭೂಮಿ ತಿರುಗುವುದರಿಂದ ಒಂದು ದಿಕ್ಕಿಗೆ ಬೇಗ, ಇನ್ನೊಂದು ದಿಕ್ಕಿಗೆ ತಡ ಎಂಬ ಮಾತನ್ನು ನೀವು ಕೇಳಿರಬಹುದು. ಅದು ತಪ್ಪು. ಭೂಮಿಯ ಜೊತೆಗೆ ಅದರ ವಾತಾವರಣವೂ ವಿಮಾನವೂ ತಿರುಗುತ್ತಲೇ ಇರುತ್ತವೆ, ಮೇಲೆ ಹಾರಿ ನಿಂತರೆ ಕೆಳಗೆ ಊರು ಸರಿದು ಹೋಗುವುದಿಲ್ಲ. ಜೆಟ್ ಸ್ಟ್ರೀಮ್ ಪೂರ್ವಕ್ಕೆ ಬಾಗುವುದರಲ್ಲಿ ಭೂಮಿಯ ತಿರುಗುವಿಕೆಯ ಪಾಲಿದೆ, ಅದೂ ಸಮಭಾಜಕ ಮತ್ತು ಧ್ರುವಗಳ ನಡುವಿನ ಉಷ್ಣತೆಯ ಅಂತರದ ಜೊತೆ ಸೇರಿ. ವಿಮಾನವನ್ನು ನೂಕುವುದು ಆ ಗಾಳಿಯೇ.

ಇನ್ನೊಂದು ಸಣ್ಣ ಲೆಕ್ಕವಿದೆ. ಟಿಕೆಟ್‌ನಲ್ಲಿ ಅಚ್ಚಾಗುವ ಹೊತ್ತು ಆಕಾಶದಲ್ಲಿ ಹಾರುವ ಹೊತ್ತಲ್ಲ. ಇಲ್ಲಿ ಗೇಟ್ ಬಿಟ್ಟ ಗಳಿಗೆಯಿಂದ ಅಲ್ಲಿ ಗೇಟ್ ಮುಟ್ಟುವ ಗಳಿಗೆಯವರೆಗಿನ ಅವಧಿ ಅದು, ನಾವು ಬ್ಲಾಕ್ ಟೈಮ್ ಎನ್ನುತ್ತೇವೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ಸುತ್ತಿ ಬರುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ನಿಮ್ಮ ಭಾಗಾಕಾರಕ್ಕೆ ಯಾವಾಗಲೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕೂಡಿಸಿಕೊಳ್ಳಿ.

ಗಾಳಿಯ ನಂತರ ಬರುವುದು ಮುಚ್ಚಿದ ಆಕಾಶ. ಇದರ ಬಗ್ಗೆ ಪ್ರಯಾಣಿಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮೇಜಿನ ಮೇಲಿನ ಅರ್ಧ ತಲೆನೋವು ಇದೇ. 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2022ರಿಂದ ಉಕ್ರೇನಿನ ಆಕಾಶದಲ್ಲಿ ಪ್ರಯಾಣಿಕ ವಿಮಾನಗಳಿಲ್ಲ. ಅದೇ ವರ್ಷ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು, ಭಾರತದ ಕಂಪನಿಗಳಿಗೆ ತೆರೆದೇ ಇದ್ದುದರಿಂದ ಈ ದಾರಿಯಲ್ಲಿ ಅವಕ್ಕೆ ದೊಡ್ಡ ಅನುಕೂಲವಾಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ಮತ್ತೆ ತನ್ನ ಆಕಾಶವನ್ನು ಮುಚ್ಚಿದಾಗ, ಉತ್ತರ ಅಮೆರಿಕಕ್ಕೆ ಹೋಗುವ ಬರುವ ಕೆಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ದೂರದ ಅಂಕಿ ಆಗಲೂ ಬದಲಾಗಲಿಲ್ಲ, ಬದಲಾದದ್ದು ದಾರಿ.

ಯಾರೂ ಮುಚ್ಚದೆ ತಾನಾಗಿಯೇ ಮುಚ್ಚಿದಂತಿರುವ ಆಕಾಶವೂ ಒಂದಿದೆ, ಅದು ಟಿಬೆಟ್. ನಿಮ್ಮ ದಾರ ಅಲ್ಲಿ ಹಾಯ್ದರೂ ವಿಮಾನಗಳು ಸಾಧ್ಯವಾದಷ್ಟು ಅದನ್ನು ತಪ್ಪಿಸಿ ಸುತ್ತಿ ಹೋಗುತ್ತವೆ. ಒಳಗಿನ ಗಾಳಿಯೊತ್ತಡ ಕುಸಿದರೆ ವಿಮಾನ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಏಕೆಂದರೆ ತಲೆಯ ಮೇಲಿಂದ ಇಳಿಬೀಳುವ ಮುಖವಾಡದ ಆಮ್ಲಜನಕ ಹೆಚ್ಚಿನ ವಿಮಾನಗಳಲ್ಲಿ ಹನ್ನೆರಡರಿಂದ ಇಪ್ಪತ್ತು ನಿಮಿಷ ಬರುತ್ತದೆ. ಟಿಬೆಟ್‌ನಲ್ಲಿ ನೆಲವೇ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಇಳಿಯಲು ಜಾಗವಿಲ್ಲ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಧ್ರುವಕ್ಕಿಂತ ಇಲ್ಲಿಯೇ ಹೆಚ್ಚು.

ಇನ್ನು ಧ್ರುವದ ಭಯ. ಎರಡು ಎಂಜಿನ್ನಿನ ವಿಮಾನ ದಾರಿಯ ಯಾವುದೇ ಬಿಂದುವಿನಲ್ಲಿದ್ದರೂ, ಒಂದು ಎಂಜಿನ್ ಕೆಟ್ಟರೆ ಉಳಿದೊಂದರಲ್ಲಿ ಗೊತ್ತಾದ ನಿಮಿಷಗಳೊಳಗೆ ಇಳಿಯಲು ಯೋಗ್ಯವಾದ ನಿಲ್ದಾಣವೊಂದನ್ನು ತಲುಪುವಂತಿರಬೇಕು. ಇದು ಇಟಾಪ್ಸ್ ಎಂಬ ನಿಯಮ. ದಾರಿಯನ್ನು ಬರೆಯುವಾಗ ಆ ನಿಲ್ದಾಣಗಳನ್ನು ಒಂದೊಂದಾಗಿ ಹೆಸರಿಸಿ, ಆ ಹೊತ್ತಿಗೆ ಅಲ್ಲಿ ಮಂಜು, ಹಿಮ, ಗಾಳಿ ಹೇಗಿರುತ್ತವೆಂದು ನೋಡಿ, ಯಾವುದಾದರೊಂದು ಸರಿಯಿಲ್ಲದಿದ್ದರೆ ದಾರಿಯನ್ನೇ ಸರಿಸುತ್ತೇವೆ. ಅಲಾಸ್ಕಾದ ಆಂಕರೇಜ್, ಫೇರ್‌ಬ್ಯಾಂಕ್ಸ್, ಕೆನಡಾದ ಇಕಾಲುಯಿಟ್, ರಷ್ಯಾದ ಯಾಕುಟ್ಸ್ಕ್, ಮಗಡಾನ್ ಇಂಥವು ಆ ಪಟ್ಟಿಯಲ್ಲಿ ಬರುವ ಊರುಗಳು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಂಡಾಗ ಅದು ಮಗಡಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು, 216 ಪ್ರಯಾಣಿಕರಿಗೆ ಬೇರೊಂದು ವಿಮಾನ ಬಂತು. ಆ ಸಣ್ಣ ಊರಿನಲ್ಲಿ ಹಾಸಿಗೆ, ಊಟ, ಭಾಷೆ ಎಲ್ಲದಕ್ಕೂ ಜನರು ಕಷ್ಟಪಟ್ಟರು. ಅಪಾಯದ ಸ್ವರೂಪ ನಿಮಗೆ ಇದರಿಂದ ತಿಳಿಯುತ್ತದೆ: ಬಹುಮಟ್ಟಿಗೆ ಎದುರಾಗುವುದು ಒಂದೆರಡು ದಿನದ ಪಾಡು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಒಂದೆರಡು ದಿನ ಸಣ್ಣದಲ್ಲ, ಆದ್ದರಿಂದ ಈ ಮಾತಿಗೆ ಮತ್ತೆ ಬರುತ್ತೇನೆ.

ಧ್ರುವದ ಚಳಿಯಲ್ಲಿ ನಾವು ಕಣ್ಣಿಡುವುದು ಇಂಧನದ ಮೇಲೆ. ಹೊರಗೆ ಸೊನ್ನೆಗಿಂತ 60 ಡಿಗ್ರಿ ಕೆಳಗಿರುವಾಗ ರೆಕ್ಕೆಯೊಳಗಿನ ಇಂಧನ ಗಂಟೆಗಟ್ಟಲೆ ತಣಿಯುತ್ತಾ ಹೋಗುತ್ತದೆ. ಜೆಟ್ ಎ-1 ಎಂಬ ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ತೊಡಗುತ್ತದೆ. ಟ್ಯಾಂಕಿನೊಳಗೆ ಉಷ್ಣಮಾಪಕವಿರುತ್ತದೆ. ಅದರ ಅಂಕಿ ಕೆಳಗಿಳಿದರೆ ಪೈಲಟ್ ವಿಮಾನವನ್ನು ಬೆಚ್ಚಗಿನ ಎತ್ತರಕ್ಕೆ ಇಳಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ವಿಕಿರಣದ ಮಾತು ಸುಳ್ಳಲ್ಲ, ಆದರೆ ಅಳತೆ ಮೀರಿ ಹೇಳಿದ್ದು. ಇಂಥ ಒಂದು ಪ್ರಯಾಣದಲ್ಲಿ ದೇಹಕ್ಕೆ ಸೇರುವುದು ಸುಮಾರು 0.1 ಮಿಲಿಸೀವರ್ಟ್. ನೆಲ, ಗಾಳಿ, ಆಹಾರಗಳಿಂದ ಮನುಷ್ಯನಿಗೆ ಸಹಜವಾಗಿ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸೇರುತ್ತದೆ. ಸದಾ ಹಾರುವ ಸಿಬ್ಬಂದಿ ಇದರ ಲೆಕ್ಕ ಇಡಬೇಕಾದೀತು, ಹೋಗಿ ಬರುವ ಅಜ್ಜ ಅಜ್ಜಿ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ನೇರ ವಿಮಾನದ ನಿಜವಾದ ಇಕ್ಕಟ್ಟು ತೂಕ. ಆ ಮೊದಲ ಪ್ರಯಾಣದಲ್ಲಿ ಹಾರಿದ ಬೋಯಿಂಗ್ 777-200 ಎಲ್‌ಆರ್ ವಿಮಾನ ಗರಿಷ್ಠ 347 ಟನ್ ತೂಕದೊಂದಿಗೆ ನೆಲ ಬಿಡಬಲ್ಲದು, ಟ್ಯಾಂಕು ತುಂಬಿದರೆ ಅದರಲ್ಲಿ ಸುಮಾರು 145 ಟನ್ ಇಂಧನವೇ ಆಗುತ್ತದೆ. ಎದುರುಗಾಳಿ ಜೋರಾದ ದಿನ ಹೆಚ್ಚು ಇಂಧನ ಬೇಕು, ಆ ಹೆಚ್ಚಿನ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಬೇಕು. ಬೆಂಗಳೂರಿನಿಂದ ಹೊರಡುವಾಗ ಇನ್ನೊಂದು ತೊಡಕು ಸೇರುತ್ತದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು. ಮಧ್ಯಾಹ್ನದ ಬಿಸಿಲಿಗೆ ಅದು ಮತ್ತಷ್ಟು ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ರನ್‌ವೇಗಳು 4,000 ಮೀಟರ್ ಉದ್ದವಿರುವುದರಿಂದ ನಡೆಯುತ್ತದೆ. ಸಮುದ್ರದಂಚಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಕಷ್ಟವಿಲ್ಲ.

ತೂಕ ಮಿತಿ ಮೀರಿದಾಗ ಮೊದಲು ಉಳಿಯುವುದು ಸರಕು, ಆಮೇಲೆ ಪೆಟ್ಟಿಗೆಗಳು. ಹಾಗೊಂದು ರಾತ್ರಿ ಗಾಳಿಯ ಹೊಸ ಮುನ್ಸೂಚನೆ ಬಂದು, ತುಂಬಿಸಿದ್ದ ಕೆಲವು ಪೆಟ್ಟಿಗೆಗಳನ್ನು ಇಳಿಸಿಡಬೇಕಾದಾಗ ನಾನು ನೋಡಿದ ಒಂದು ಪೆಟ್ಟಿಗೆ ಇನ್ನೂ ಕಣ್ಣಲ್ಲಿದೆ. ಅದಕ್ಕೆ ಬಿಳಿ ಬಟ್ಟೆ ಹೊಲಿದು, ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ "ಬಾಣಂತಿ ಸಾಮಾನು" ಎಂದು ಬರೆದಿತ್ತು. ಅದು ಎರಡು ದಿನ ತಡವಾಗಿ ಹೋಯಿತು. ಆದ್ದರಿಂದ ನಿಮಗೆ ಹೇಳುತ್ತೇನೆ: ಮಗುವಿಗೂ ಮಗಳಿಗೂ ಮೊದಲ ವಾರಕ್ಕೆ ಬೇಕೇ ಬೇಕಾದದ್ದನ್ನು ದೊಡ್ಡ ಪೆಟ್ಟಿಗೆಗೆ ನಂಬಿ ಹಾಕಬೇಡಿ.

ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ನಾಲ್ಕೂವರೆಗೆ ತಲುಪುವ ಲೆಕ್ಕ ಬಹಳ ಸುಲಭ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆ ಆಗುತ್ತದೆ. ನೀವು ಹದಿನಾರು ಗಂಟೆ ಹಾರಿದಾಗ ಇಲ್ಲಿ ಮರುದಿನ ಬೆಳಗಿನ ಆರು, ಅದರಿಂದ ಹದಿಮೂರೂವರೆ ಕಳೆದರೆ ಅಲ್ಲಿ ಹಿಂದಿನ ಸಂಜೆ ನಾಲ್ಕೂವರೆ. ಬರುವಾಗ ಈ ಉಳಿತಾಯ ಹಿಂದಿರುಗಿ ಹೋಗುತ್ತದೆ. ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಇಳಿಯುವಾಗ ಸೋಮವಾರ ನಸುಕಿನ ಮೂರೂವರೆ, ಭಾನುವಾರವೆಂಬುದು ಆಕಾಶದಲ್ಲೇ ಕಳೆದುಹೋಗಿರುತ್ತದೆ. ಮೈಸೂರಿಗೆ ಕಾರು ಗೊತ್ತುಮಾಡುವಾಗ ದಿನಾಂಕವನ್ನು ಎರಡು ಸಲ ನೋಡಿಕೊಳ್ಳಿ.

ಈಗ ನೇರವೋ ಇಳಿದು ಹೋಗುವುದೋ ಎಂಬ ಮಾತಿಗೆ ಬರೋಣ. ದುಬೈ ಮೂಲಕ ಹೋದರೆ ಹಾರುವ ದೂರ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,800ರ ಹತ್ತಿರ. ದೆಹಲಿ ಮೂಲಕವಾದರೆ 14,090 ಮಾತ್ರ, ಅಂದರೆ ನೇರ ದೂರಕ್ಕೆ ಸುಮಾರು ನೂರು ಕಿ.ಮೀ. ಅಷ್ಟೇ ಸೇರುತ್ತದೆ, ಏಕೆಂದರೆ ದೆಹಲಿ ನಿಮ್ಮ ದಾರದಿಂದ ಬಹಳ ದೂರವಿಲ್ಲ. ಇಳಿದು ಹೋಗುವ ಪ್ರಯಾಣಗಳು ಇಪ್ಪತ್ತೆರಡು, ಇಪ್ಪತ್ತಾರು ಗಂಟೆ ಹಿಡಿಯುವುದಕ್ಕೆ ಹೆಚ್ಚಿನ ದೂರ ಕಾರಣವಲ್ಲ, ಅದರ ಪಾಲು ಹೆಚ್ಚೆಂದರೆ ಮೂರು ಗಂಟೆ. ಉಳಿದದ್ದೆಲ್ಲ ನೆಲದ ಮೇಲೆ ಕಾಯುವ ಹೊತ್ತು. ಆದ್ದರಿಂದ ಟಿಕೆಟ್ ನೋಡುವಾಗ ಯಾವ ಊರಿನ ಮೂಲಕ ಎಂಬುದಕ್ಕಿಂತ ಆ ಊರಿನಲ್ಲಿ ಎಷ್ಟು ಹೊತ್ತು ಮತ್ತು ಎಷ್ಟು ನಡೆಯಬೇಕು ಎಂಬುದನ್ನೇ ಕೇಳಿ.

ನನ್ನ ಅಭಿಪ್ರಾಯ ಹೀಗಿದೆ. ಯಜಮಾನರ ಮಂಡಿಗೆ ಹದಿನಾರು ಗಂಟೆ ಒಂದೇ ಸಮನೆ ಕುಳಿತಿರುವುದು ಕಷ್ಟ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಅಷ್ಟು ದೀರ್ಘ ಕೂತಿಕೆಯಲ್ಲಿ ಹೆಚ್ಚುತ್ತದೆ. ಆದರೆ ನಡುರಾತ್ರಿಯಲ್ಲಿ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದು, ಮತ್ತೆ ತಪಾಸಣೆಗೆ ನಿಂತು, ಗೇಟು ಹುಡುಕಿ ಅರ್ಧ ಕಿಲೋಮೀಟರ್ ನಡೆಯುವುದು ಅದೇ ಮಂಡಿಗೆ ಸುಖವಲ್ಲ. ಗಾಲಿಕುರ್ಚಿ ಕೇಳಲು ನಿಮಗೆ ಸಂಕೋಚವಿಲ್ಲವಾದರೆ, ನಡುವೆ ಮೂರರಿಂದ ಐದು ಗಂಟೆಯ ಬಿಡುವಿರುವ ಒಂದೇ ನಿಲುಗಡೆಯ ಪ್ರಯಾಣ ಅವರಿಗೆ ಒಗ್ಗಬಹುದು, ಪ್ರತಿ ಹಂತವೂ ಒಂದು ಮಿತಿಯೊಳಗಿದ್ದರೆ. ಆ ಲೆಕ್ಕದಲ್ಲಿ ಫ್ರಾಂಕ್‌ಫರ್ಟ್‌ನಂಥ ನಡುದಾರಿಯ ಊರು ಪ್ರಯಾಣವನ್ನು ಹೆಚ್ಚು ಸಮವಾಗಿ ಭಾಗ ಮಾಡುತ್ತದೆ, 7,400 ಮತ್ತು 9,150 ಕಿ.ಮೀ. ದುಬೈ ಅಥವಾ ದೆಹಲಿಯಲ್ಲಿ ಇಳಿದರೆ ಸಣ್ಣ ಹಾರಾಟವೊಂದು ಮುಗಿದ ಮೇಲೂ ಹದಿನೈದು ಗಂಟೆಯ ಆಸುಪಾಸಿನ ದೊಡ್ಡ ಹಾರಾಟ ಹಾಗೆಯೇ ಉಳಿದಿರುತ್ತದೆ, ಇಳಿದದ್ದರಿಂದ ಮಂಡಿಗೆ ಸಿಕ್ಕಿದ್ದು ಬಹಳ ಕಡಿಮೆ. ಗಾಲಿಕುರ್ಚಿಯ ಸಹಾಯವಿಲ್ಲದೆ ನೀವಿಬ್ಬರೇ ಓಡಾಡಬೇಕಾದರೆ, ಇಂಗ್ಲಿಷ್ ಮಾತುಕತೆಯ ಅಳುಕೂ ಇದ್ದರೆ, ನೇರ ವಿಮಾನವೇ ಮೇಲು. ಅದರಲ್ಲಿ ಮಧ್ಯದ ಹಾದಿಯ ಪಕ್ಕದ ಆಸನ ಹಿಡಿದು ಗಂಟೆಗೊಮ್ಮೆ ಎದ್ದು ನಡೆಯಬೇಕು.

ಎರಡರಲ್ಲೂ ಅಪಾಯಗಳಿವೆ. ನೇರ ಸೇವೆ ಎಂಬುದು ಈ ದಾರಿಯಲ್ಲಿ ಸ್ಥಿರವಾದ ವಸ್ತುವಲ್ಲ. ಆಕಾಶ ಮುಚ್ಚಿದರೆ, ವಿಮಾನ ಸಾಲದಾದರೆ ಅದು ವಾರಕ್ಕೆ ಕೆಲವೇ ದಿನ ಆಗುತ್ತದೆ, ನಡುವೆ ಇಂಧನಕ್ಕೆ ಇಳಿಯುತ್ತದೆ, ತಿಂಗಳುಗಟ್ಟಲೆ ನಿಂತೂಹೋಗುತ್ತದೆ. ನೀವು ಹೊರಡುವ ದಿನಾಂಕಕ್ಕೂ ಹಿಂದಿರುಗುವ ದಿನಾಂಕಕ್ಕೂ ಅದು ಇದೆಯೇ ಎಂದು ಮಗಳು ಕಂಪನಿಯ ವೇಳಾಪಟ್ಟಿಯಲ್ಲೇ ನೋಡಲಿ. ಇಂಧನಕ್ಕೆ ಇಳಿದಾಗ ಪ್ರಯಾಣಿಕರನ್ನು ಸಾಮಾನ್ಯವಾಗಿ ವಿಮಾನದಲ್ಲೇ ಕೂರಿಸುತ್ತಾರೆ. ಕೂತಿಕೆ ಉದ್ದವಾಗುತ್ತದೆಯೇ ಹೊರತು ಬಿಡುವು ಸಿಗುವುದಿಲ್ಲ. ಇಳಿದು ಹೋಗುವ ಪ್ರಯಾಣದಲ್ಲಿ ಎರಡು ವಿಮಾನಗಳೂ ಒಂದೇ ಟಿಕೆಟ್‌ನಲ್ಲಿ ಇರಲೇಬೇಕು. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರಿರುವುದಿಲ್ಲ. ನಡುವಿನ ಬಿಡುವು ಒಂದೂವರೆ ಗಂಟೆ ಎಂದಿದ್ದರೆ ಆ ಟಿಕೆಟ್ ನಿಮಗಲ್ಲ. ಅಮೆರಿಕದಲ್ಲೇ ಇನ್ನೊಂದು ಊರಿನಲ್ಲಿ ಇಳಿದು ಮತ್ತೆ ಹತ್ತುವ ಪ್ರಯಾಣವನ್ನೂ ಬಿಟ್ಟುಬಿಡಿ, ಏಕೆಂದರೆ ಅಮೆರಿಕದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ನಡುವಿನ ದೇಶದ ಸಾಗಣೆ (ಟ್ರಾನ್ಸಿಟ್) ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮುನ್ನವೇ ಕೇಳಿ. ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ, ತಪ್ಪಿದರೆ ಹೊರಡುವ 48 ಗಂಟೆ ಮೊದಲಾದರೂ, ಕೇಳಿಟ್ಟಿರಿ.

ಮಗಡಾನ್ ಪ್ರಸಂಗವನ್ನು ನೆನಪಿಟ್ಟು ಯಜಮಾನರ ಇನ್ಸುಲಿನ್, ಮಾತ್ರೆ, ಸೂಜಿ, ವೈದ್ಯರ ಚೀಟಿ ಇವನ್ನೆಲ್ಲ ಪ್ರಯಾಣಕ್ಕೆ ಬೇಕಾದದ್ದಕ್ಕಿಂತ ಕನಿಷ್ಠ ನಾಲ್ಕೈದು ದಿನದಷ್ಟು ಹೆಚ್ಚಾಗಿ ಕೈಚೀಲದಲ್ಲೇ ಇಡಿ. ಇನ್ಸುಲಿನ್ ಕೆಳಗಿನ ಸಾಮಾನು ಕೋಣೆಗೆ ಹೋಗಕೂಡದು, ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಹದಿಮೂರೂವರೆ ಗಂಟೆಯ ಅಂತರವೆಂದರೆ ಅವರ ರಾತ್ರಿಯ ಡೋಸ್ ಅಲ್ಲಿ ಬೆಳಗ್ಗೆ ಬೀಳುತ್ತದೆ. ಊಟ, ನಿದ್ದೆ ಎರಡೂ ತಲೆಕೆಳಗಾಗುತ್ತವೆ. ಟಿಕೆಟ್‌ನ ನಕಲನ್ನು ವೈದ್ಯರಿಗೆ ತೋರಿಸಿ, ವಿಮಾನದಲ್ಲಿ ಯಾವ ಹೊತ್ತಿಗೆ ಎಷ್ಟು, ಇಳಿದ ಮೇಲೆ ಮೊದಲ ಎರಡು ದಿನ ಹೇಗೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ಬಿಗಿ ಕಾಲುಚೀಲ ಬೇಕೇ ಎಂದೂ ಅವರನ್ನೇ ಕೇಳಿ. ವಿಮಾನದೊಳಗೆ ಒಬ್ಬರ ಕೈಗಡಿಯಾರವನ್ನು ಇಳಿಯುವವರೆಗೂ ಭಾರತದ ಸಮಯಕ್ಕೇ ಬಿಟ್ಟಿರಿ, ಔಷಧಿಯ ಲೆಕ್ಕ ಅದರಲ್ಲಿ ಮಾತ್ರ ನಡೆಯಲಿ.

ಕೊನೆಯದಾಗಿ ಮೈಸೂರಿನ ಮಾತು. ನಿಮ್ಮ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ, ಬೆಂಗಳೂರಿನ ದಟ್ಟಣೆಯ ಹೊತ್ತಾದರೆ ಐದು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ವಿಮಾನ ಹತ್ತುವ ಮೊದಲೇ ಯಜಮಾನರು ಏಳೆಂಟು ಗಂಟೆ ಕೂತು ದಣಿದಿರುತ್ತಾರೆ. ಹಿಂದಿನ ದಿನವೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲೋ ನಿಲ್ದಾಣದ ಹತ್ತಿರದ ವಸತಿಯಲ್ಲೋ ಒಂದು ರಾತ್ರಿ ಮಲಗಿ ಹೊರಟರೆ, ನೇರ ವಿಮಾನವಾಗಲಿ ಇಳಿದು ಹೋಗುವುದಾಗಲಿ, ಆ ದೀರ್ಘ ಪ್ರಯಾಣವನ್ನು ಅವರು ಹೆಚ್ಚು ಸುಲಭವಾಗಿ ಕಳೆಯುತ್ತಾರೆ.